ನೆನಪಿನ ಕ್ಯಾಮರಾ, ನೆಗೆಟಿವಿನ ಸಾಕ್ಷ್ಯ

“ಸಾರ್, ನಮ್ಮ ತಾತನ ಕ್ಯಾಮರಾ ಯಾವುದೆಂದು ಹೇಳಬಲ್ಲಿರಾ?” ಎಂದು ಮೈಸೂರಿನ ವಿದ್ಯಾರ್ಥಿಯೊಬ್ಬನು ಒಮ್ಮೆ ನನ್ನನ್ನು ಕೇಳಿದನು. ಕ್ಯಾಮರಾ ಹಳೆಯ ಸಾಮಾನಿನೊಡನೆ ಎಂದೋ ಮಾರಾಟವಾಗಿತ್ತು, ತಾತನೂ ತೀರಿಕೊಂಡಿದ್ದರು. ಮನೆಯವರ ನೆನಪಿನಲ್ಲಿ ಉಳಿದುದು ಇಷ್ಟೆ: ಕಪ್ಪು ಮೈ, ಕಣ್ಣಿಗೆ ಹಿಡಿದು ನೋಡುವ ಕಿಂಡಿ, ಹಿಂಬದಿಯಲ್ಲೊಂದು ಕೆಂಪು ಕಿಂಡಿ, ಮಸೂರದ ಬಳಿ ಸೂರ್ಯ ಮತ್ತು ಮೋಡದ ಗುರುತು, ‘ಆಗ್ಫಾ’ ಎಂಬ ಹೆಸರು.

ಕೆಂಪು ಕಿಂಡಿ ಸುರುಳಿ ಫಿಲ್ಮಿನ ಕ್ಯಾಮರಾದ ಲಕ್ಷಣ. ಫಿಲ್ಮಿನ ಬೆನ್ನಿಗಿರುವ ಕಾಗದದ ಮೇಲೆ ಅಚ್ಚಾದ ಅಂಕಿಗಳನ್ನು ಅದರ ಮೂಲಕ ನೋಡಿಕೊಂಡು ಫಿಲ್ಮನ್ನು ಸುತ್ತಬೇಕು. ಹಿಂದಿನ ಅನೇಕ ಫಿಲ್ಮುಗಳನ್ನು ಕೆಂಪು ಬೆಳಕು ಬಾಧಿಸುತ್ತಿರಲಿಲ್ಲ. ಆದುದರಿಂದಲೇ ಕಿಂಡಿಗೆ ಆ ಬಣ್ಣ. ಸೂರ್ಯ ಮೋಡಗಳ ಗುರುತಾದರೋ ಆಗ್ಫಾದ ಕ್ಲ್ಯಾಕ್, ಕ್ಲಿಕ್ ಎರಡರಲ್ಲಿಯೂ ಉಂಟು. ಹಾಗಾದರೆ ನಿರ್ಣಯಿಸುವುದೆಂತು?

120 ಎಂಬ ಸುರುಳಿ ಫಿಲ್ಮಿನಲ್ಲಿ ಚಿತ್ರಗಳಿಗೆ ದೊರೆಯುವ ಉದ್ದ ಸುಮಾರು 72 ಸೆಂ.ಮೀ. ಕ್ಲ್ಯಾಕ್ ಇದನ್ನು 9 ಸೆಂ.ಮೀ.ಗಳ 8 ಭಾಗಗಳಾಗಿಯೂ ಕ್ಲಿಕ್ 6 ಸೆಂ.ಮೀ.ಗಳ 12 ಭಾಗಗಳಾಗಿಯೂ ಹಂಚಿಕೊಳ್ಳುತ್ತವೆ. “ರೋಲಿಗೆ ಎಂಟೇ ಚಿತ್ರ” ಎಂದು ಅಜ್ಜಿಯವರ ನೆನಪು. ಆದರೆ ಟ್ರಂಕಿನಲ್ಲಿ ಉಳಿದಿದ್ದ ಒಂದೇ ಒಂದು ನೆಗೆಟಿವಿನಲ್ಲಿ ಚಿತ್ರವು ಚೌಕವಾಗಿತ್ತು. ಎಂದಮೇಲೆ ಅದು ಕ್ಲ್ಯಾಕ್ ಅಲ್ಲ. ಬಹುಮಟ್ಟಿಗೆ, ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ತಯಾರಿಸುತ್ತಿದ್ದ ಕ್ಲಿಕ್ 3.

ನೆಗೆಟಿವನ್ನು ಬೆಳಕಿಗೆ ಹಿಡಿದಾಗ ಆ ಚೌಕದಲ್ಲಿ ಎಳೆಯ ಪ್ರಾಯದ ಅಜ್ಜಿಯೇ ನಿಂತಿದ್ದರು. ಮನೆಯಲ್ಲಿ ಅವರ ಆ ವಯಸ್ಸಿನ ಚಿತ್ರ ಬೇರೊಂದಿರಲಿಲ್ಲ.

ವಾಚಕರೇ, ನೆನಪು ದಾರಿ ತೋರುತ್ತದೆ, ಅಳತೆ ತೀರ್ಮಾನಿಸುತ್ತದೆ. ಹಳೆಯ ನೆಗೆಟಿವನ್ನು ಕಸಕ್ಕೆ ಎಸೆಯುವ ಮುನ್ನ ಒಮ್ಮೆ ಅಳತೆಪಟ್ಟಿಯನ್ನಿಟ್ಟು ನೋಡಿರಿ.