ನಿಮಗಿದು ಗೊತ್ತೆ? ಒಂದೇ ಸ್ವರಕ್ಕೆ ಅದುರುವ ಆಂಪ್ಲಿಫೈಯರ್
ಗಿಟಾರಿನ ವಾಲ್ವ್ (ಗಾಜಿನ ನಿರ್ವಾತ ನಳಿಕೆ) ಆಂಪ್ಲಿಫೈಯರ್ ಕೆಲವೊಮ್ಮೆ ಒಂದೇ ಒಂದು ಸ್ವರಕ್ಕೆ ಗಿರಗಿರ ಎನ್ನುತ್ತದೆ. ಪಕ್ಕದ ಸ್ವರ ನುಡಿಸಿದರೆ ಸದ್ದಿನ ಸುಳಿವೇ ಇಲ್ಲ! ಉದಾಹರಣೆಗೆ, ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಸಡಿಲಗೊಂಡ ತಿರುಪೋ ವಾಲ್ವಿನೊಳಗಿನ ತೆಳು ಲೋಹದ ಭಾಗವೋ ಅದೇ ಲಯಕ್ಕೆ ಒಗ್ಗುವಂತಿದ್ದರೆ ತಾನೂ ಅದುರತೊಡಗುತ್ತದೆ. ಸ್ಪೀಕರೂ ವಾಲ್ವುಗಳೂ ಒಂದೇ ಪೆಟ್ಟಿಗೆಯಲ್ಲಿರುವ ‘ಕಾಂಬೊ’ ಮಾದರಿಗಳಲ್ಲಿ ಈ ಕಾಟ ಹೆಚ್ಚು.

ಕಳ್ಳನನ್ನು ಹಿಡಿಯಲು ನುರಿತ ದುರಸ್ತಿಗಾರರಿಗೆ ಒಣ ಮರದ ಕಡ್ಡಿಯೊಂದು ಸಾಕು. ಆಂಪ್ಲಿಫೈಯರ್ ಚಾಲೂ ಇರುವಾಗಲೇ ಒಂದೊಂದು ವಾಲ್ವಿನ ಗಾಜನ್ನೂ ಮೆಲ್ಲಗೆ ತಟ್ಟುತ್ತಾರೆ. ದೋಷವಿರುವ ವಾಲ್ವನ್ನು ತಟ್ಟಿದ ಸದ್ದು ‘ಟಿಣ್’ ಎಂದು ಸ್ಪೀಕರಿನಲ್ಲೇ ಜೋರಾಗಿ ಕೇಳುತ್ತದೆ. ಲೋಹದ ಸ್ಕ್ರೂಡ್ರೈವರ್ ಮಾತ್ರ ಖಂಡಿತ ಕೂಡದು: ಒಳಗಿನ ವಿದ್ಯುತ್ತು 400 ವೋಲ್ಟ್ ದಾಟಿರಬಹುದು, ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರಬಹುದು.