ಗಲ್ಲೆಯ ಮೇಲೆ ಕುಳಿತು ಕಲಿತ ಮೊಬೈಲು

ನಾವು ಮ್ಯಾಟ್ರಿಕ್ ಮುಗಿಸಿ ಅಕ್ಕಲಕೋಟೆಯ ನಮ್ಮ ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತದ್ದು 1976ರಲ್ಲಿ. ಆಗ ಸೊಲ್ಲಾಪುರದ ಅಡತಿ ಅಂಗಡಿಯಲ್ಲಿ ಬೆಲ್ಲದ ಧಾರಣೆ ಏನಿದೆ ಎಂದು ಕೇಳಬೇಕಾದರೆ ಟ್ರಂಕ್ ಕಾಲ್ ಬರೆಸಿ ಕಾಯಬೇಕಾಗಿತ್ತು. ತೀರ ಅವಸರವಿದ್ದರೆ ಲೈಟ್ನಿಂಗ್ ಕಾಲ್. ಅದಕ್ಕೆ ಎಂಟು ಪಟ್ಟು ದರ. ನಮ್ಮ ತಂದೆಯವರು ಅದನ್ನು ಆಯುಷ್ಯದಲ್ಲಿ ಒಮ್ಮೆ ಮಾತ್ರ ಮಾಡಿದರು, ಅದೂ ವ್ಯಾಪಾರಕ್ಕಲ್ಲ. ಆಮೇಲೆ ತಕ್ಕಡಿ ಹೋಗಿ ಎಲೆಕ್ಟ್ರಾನಿಕ್ ಕಾಟಾ ಬಂತು, ಕಪ್ಪು ಫೋನು ಬಂದು ಹೋಯಿತು. ಇವು ಯಾವುದಕ್ಕೂ ನಾವು ಅಂಜಲಿಲ್ಲ. ಅಂಜಿದ್ದು ಅಂಗೈಯಗಲದ ಮೊಬೈಲಿಗೆ.

2016ರಲ್ಲಿ ಯುಪಿಐ ಆರಂಭವಾಯಿತು. ಅದೇ ವರ್ಷ ನವೆಂಬರದಲ್ಲಿ ಐದುನೂರು, ಸಾವಿರದ ಹಳೆಯ ನೋಟು ರದ್ದಾದವು. ಕೆಲವು ವರ್ಷಗಳಲ್ಲಿಯೇ ಹಳ್ಳಿಯಿಂದ ಸಂತೆಗೆ ಬರುವ ಗಿರಾಕಿಯೂ "ಸ್ಕ್ಯಾನರ್ ಎಲ್ಲೈತ್ರಿ ಸಾವಕಾರ್ರ?" ಎನ್ನತೊಡಗಿದ. ಮಗ ಕ್ಯೂಆರ್ ಕೋಡಿನ ಫಲಕ ತಂದು ಗಲ್ಲೆಯ ಮುಂದೆ ನಿಲ್ಲಿಸಿದ. ರೊಕ್ಕ ನೇರ ಅವನ ಮೊಬೈಲಿಗೆ ಬೀಳುತ್ತಿತ್ತು. ನಾವು ಸಾಮಾನು ಕಟ್ಟಿಕೊಡುತ್ತಿದ್ದೆವು. ನಲವತ್ತು ವರ್ಷ ಗಲ್ಲೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವರಿಗೆ ಇದು ಹೇಗಾಗಿರಬೇಕು, ನಮ್ಮ ವಯಸ್ಸಿನ ವ್ಯಾಪಾರಸ್ಥರು ಬಲ್ಲರು.

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಮಗ ಖರೀದಿಗೆಂದು ಸೊಲ್ಲಾಪುರಕ್ಕೆ ಹೋಗಿದ್ದ. ಒಬ್ಬ ತರುಣ ಬಂದು ಎಣ್ಣೆ ಡಬ್ಬಿ, ಸಕ್ಕರೆ, ತೊಗರಿಬೇಳೆ ಎಂದು 3,140 ರೂಪಾಯಿಯ ಸಾಮಾನು ಕಟ್ಟಿಸಿದ. ತನ್ನ ಮೊಬೈಲನ್ನು ನಮ್ಮ ಮುಖದ ಮುಂದೆ ಹಿಡಿದ. ಹಸಿರು ಗುರುತು, ಅಂಗಡಿಯ ಹೆಸರು, ಮೊತ್ತ ಎಲ್ಲ ಸರಿಯಾಗಿತ್ತು. "ಮುಟ್ಟೇತಿ ನೋಡ್ರಿ" ಎಂದು ನಮಸ್ಕಾರ ಮಾಡಿ ಹೋದ. ಸಂಜೆ ಮಗ ನೋಡಿದರೆ ಒಂದು ಪೈಸೆಯೂ ಬಂದಿರಲಿಲ್ಲ. ಅಂಥ ಸುಳ್ಳು ಚಿತ್ರ ತೋರಿಸುವ ನಕಲಿ ಆ್ಯಪುಗಳೇ ಇವೆಯಂತೆ!

ಮಗ ಬೈಯಲಿಲ್ಲ. "ಇರ್ಲಿ ಬಿಡ್ರಿ ಅಪ್ಪಾ, ಇನ್ನ ಮುಂದ ನಾ ಇಲ್ದಾಗ ರೋಖ್ ಅಷ್ಟ ತಗೊಳ್ರಿ" ಎಂದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಉದ್ರಿ ಮುಳುಗಿಸಿದವರನ್ನು ನಾವು ಬಹಳ ಕಂಡಿದ್ದೇವೆ, ಆ ಹಣಕ್ಕಾಗಿ ನಿದ್ದೆ ಕೆಟ್ಟಿರಲಿಲ್ಲ. ಕಣ್ಣ ಮುಂದೆ ಓದಲು ಬಂದರೂ ಅದರ ಅರ್ಥ ತಿಳಿಯಲಿಲ್ಲವಲ್ಲ ಎಂಬ ನಾಚಿಕೆಗೆ ಕೆಟ್ಟಿತು. ಎರಡು ತಿಂಗಳು ಊಟದ ನೆಪ ಮಾಡಿ ಮನೆಯಲ್ಲಿಯೇ ಹೆಚ್ಚು ಹೊತ್ತು ಕಳೆದೆವು.

ನಮ್ಮನ್ನು ತಿರುಗಿ ಗಲ್ಲೆಯ ಮೇಲೆ ಕೂಡಿಸಿದವಳು ಎಂಟನೆಯ ಇಯತ್ತೆಯ ಮೊಮ್ಮಗಳು. ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯ ತರುಣರಿಗೆ ಏನಾದರೂ ಕೇಳಿದರೆ "ಕೊಡ್ರಿ ಇಲ್ಲೆ" ಎಂದು ಮೊಬೈಲು ಕಸಿದುಕೊಂಡು, ನಾಲ್ಕು ಸಲ ಟಪಟಪ ಒತ್ತಿ, "ಆತು" ಎಂದು ತಿರುಗಿ ಕೊಡುತ್ತಾರೆ. ಕೆಲಸವಾಗುತ್ತದೆ, ಕಲಿಕೆ ಆಗುವುದಿಲ್ಲ. ಈ ಹುಡುಗಿ ಮೊಬೈಲನ್ನು ಮುಟ್ಟಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು, "ಅಜ್ಜಾ, ನೀವ ಒತ್ರಿ. ತಪ್ಪಿದ್ರ ಹಿಂದ ಬರೂಣು" ಎಂದು ಬದಿಗೆ ನಿಂತಳು. ಅವಳದು ಮರಾಠಿ ಮಾಧ್ಯಮ. ಒಂದೊಂದು ಹೆಜ್ಜೆಯನ್ನು ದೇವನಾಗರಿಯಲ್ಲಿ ಬರೆದುಕೊಟ್ಟಳು, ನಾವು ಅದನ್ನು ನಮ್ಮ ಹಳೆಯ ಕಿರ್ದಿ ಪುಸ್ತಕದ ಬೆನ್ನ ಹಾಳೆಯ ಮೇಲೆ ಕನ್ನಡದಲ್ಲಿ ಬರೆದುಕೊಂಡೆವು. ಪಿನ್ ಮಾತ್ರ ಎಲ್ಲಿಯೂ ಬರೆಯಲಿಲ್ಲ.

ಮೊದಲ ಪಾಠ ಒಂದು ರೂಪಾಯಿಯದು. ಪಡಸಾಲೆಯಲ್ಲಿ ಕುಳಿತ ನಾವು ಅಡಿಗೆಮನೆಯಲ್ಲಿದ್ದ ನಮ್ಮ ಮನೆಯವರಿಗೆ ಒಂದು ರೂಪಾಯಿ ಕಳಿಸುವುದು, ಅವರು ತಿರುಗಿ ನಮಗೆ ಕಳಿಸುವುದು. ಎಂಟು ದಿನ ಇದೇ ಆಟ. ಒಮ್ಮೆ ಅವರು ತಿರುಗಿ ಕಳಿಸದೆ ಹನ್ನೊಂದು ರೂಪಾಯಿ ಕೂಡಿಹಾಕಿಕೊಂಡರು, ಇಂದಿಗೂ ಕೊಟ್ಟಿಲ್ಲ! ಈ ಆಟದಲ್ಲಿ ಕೈಯ ನಡುಕ ಹೋಯಿತು. ಕೋಡ್ ಹಿಡಿದೊಡನೆ ಯಾರಿಗೆ ಹಣ ಹೋಗುವುದೋ ಅವರ ಹೆಸರು ಕಾಣುತ್ತದೆ, ಅದನ್ನು ಓದಿಯೇ ಮುಂದೆ ಹೋಗಬೇಕೆಂದು ತಿಳಿಯಿತು. ಪಿನ್ ಬೇಕಾಗುವುದು ಹಣ ಕೊಡಲು. ಹಣ ಪಡೆಯಲು ಎಂದೂ ಪಿನ್ ಒತ್ತಬೇಕಾಗಿಲ್ಲ. "ನಿಮಗೆ ರೊಕ್ಕ ಬರುವದದ, ಪಿನ್ ಒತ್ರಿ" ಎಂದು ಯಾರಾದರೂ ಹೇಳಿದರೆ ಅವನು ಕಳ್ಳನೇ. ಈ ಒಂದು ಮಾತು ಗೊತ್ತಿದ್ದರೆ ಅರ್ಧ ಅಂಜಿಕೆ ಕಳೆದಂತೆ. ದೊಡ್ಡ ಖಾತೆಯನ್ನು ಮೊಬೈಲಿಗೆ ಜೋಡಿಸದೆ, ನಿತ್ಯದ ಖರ್ಚಿಗೆಂದು ಸಣ್ಣ ಮೊತ್ತದ ಬೇರೆ ಖಾತೆ ಇಟ್ಟಿದ್ದೇವೆ. ಗಲ್ಲೆಯಲ್ಲಿ ಚಿಲ್ಲರೆ, ತಿಜೋರಿಯಲ್ಲಿ ಬಂಡವಾಳ. ಇದೇನು ನಮಗೆ ಹೊಸದಲ್ಲ.

ಅಂಗಡಿಗೆ ಮೊತ್ತ ಕೂಗಿ ಹೇಳುವ ಡಬ್ಬಿ ತರಿಸಿದೆವು. ಗಿರಾಕಿಯ ಮೊಬೈಲನ್ನು ಈಗ ನೋಡುವುದೇ ಇಲ್ಲ, ನಮ್ಮ ಡಬ್ಬಿ ಹೇಳಿದರೆ ಮುಟ್ಟಿತು, ಇಲ್ಲದಿದ್ದರೆ ಇಲ್ಲ. ಭಾಷೆ ಯಾವುದು ಇಡಲಿ ಎಂದು ಅಳವಡಿಸುವ ಹುಡುಗ ಕೇಳಿದಾಗ, ಮಗ ಮರಾಠಿ ಎನ್ನುವಷ್ಟರಲ್ಲಿ ನಾವು ಕನ್ನಡ ಎಂದೆವು. ಈಗ ಅಕ್ಕಲಕೋಟೆಯ ಪೇಟೆಯಲ್ಲಿ ನಮ್ಮ ಅಂಗಡಿ ದಿನಕ್ಕೆ ನೂರು ಸಲ ಕನ್ನಡದಲ್ಲಿ ಲೆಕ್ಕ ಹೇಳುತ್ತದೆ. ಮರಾಠಿ ಗಿರಾಕಿಗಳಿಗೂ ನಮ್ಮ ಅಂಕಿಗಳು ಬಾಯಿಪಾಠವಾಗಿವೆ.

ಅಕ್ಷರ ಸಣ್ಣದು, ಕಾಣುವುದಿಲ್ಲ ಎನ್ನುವವರು ಮೊಬೈಲಿನ ಸೆಟ್ಟಿಂಗಿನಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿಕೊಳ್ಳಬೇಕು. ಬೆರಳು ತಪ್ಪುವವರು ಮೈಕಿನ ಗುರುತು ಒತ್ತಿ ಮಾತಾಡಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಆದರೆ ನಮ್ಮ ಕಡೆಯ ಮಾತು ಅದಕ್ಕೆ ಪೂರ್ತಿ ತಿಳಿಯುವುದಿಲ್ಲ. ಶಾಲೆಯ ಪುಸ್ತಕದಂತೆ ನಿಧಾನ ಹೇಳಬೇಕು.

ನಮ್ಮ ಮನೆಯವರಿಗೆ ಮೊಬೈಲು ಹಿಡಿಸಿದ್ದು ಬೇರೆ ಕಾರಣಕ್ಕೆ. ಅವರದು ಸೂರ್ಯಾಸ್ತದ ಮೊದಲೇ ಊಟ. ಇಷ್ಟು ವರ್ಷ ಗೋಡೆಗೆ ತೂಗುಹಾಕಿದ ಮುಂಬೈ ಕ್ಯಾಲೆಂಡರಿನ ವೇಳೆ ಹಿಡಿಯುತ್ತಿದ್ದರು. ನಮ್ಮ ಊರು ಮುಂಬೈಯ ಪೂರ್ವಕ್ಕಿದೆ, ಇಲ್ಲಿ ಹೊತ್ತು ಹತ್ತು ಹದಿನೈದು ನಿಮಿಷ ಮೊದಲೇ ಮುಳುಗುತ್ತದೆ. ಮೊಬೈಲು ಅಕ್ಕಲಕೋಟೆಯದೇ ವೇಳೆ ತೋರಿಸಿದಾಗ ಅವರು ಗಲ್ಲಕ್ಕೆ ಕೈ ಹಚ್ಚಿಕೊಂಡು ಕುಳಿತರು. "ಹಂಗಾರ ಮೋಡದ ದಿನಾ ಎಷ್ಟು ಸಲ ತಪ್ಪಿತೋ?" ಮರುದಿನದಿಂದ ಒಲೆ ಅರ್ಧ ತಾಸು ಮೊದಲೇ ಹೊತ್ತತೊಡಗಿತು.

ರೈಲ್ವೆಯಿಂದ ನಿವೃತ್ತರಾದ ನಮ್ಮ ಷಡ್ಡಕರು ಪ್ರತಿ ನವೆಂಬರದಲ್ಲಿ ಬದುಕಿದ್ದೇವೆಂದು ತೋರಿಸಲು ಬ್ಯಾಂಕಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ 2014ರಲ್ಲಿಯೇ ಬಂದಿತ್ತು, 2021ರಿಂದ ಮೊಬೈಲಿಗೆ ಮುಖ ತೋರಿಸಿದರೂ ಸಾಕಾಯಿತು. ಕಳೆದ ಸಲ ನಾವಿಬ್ಬರೇ ಕುಳಿತು ಮಾಡಿದೆವು. ಅದು ಕಣ್ಣು ಮಿಟುಕಿಸಿರಿ ಎನ್ನುತ್ತದೆ. ಅವರು ಮಿಟುಕಿಸಿದ್ದು ಅದಕ್ಕೆ ಕಾಣಲಿಲ್ಲ. ಕನ್ನಡಕ ತೆಗೆದು, ಕಿಟಕಿಯ ಬೆಳಕಿಗೆ ಕುಳಿತು, ಮೂರನೆಯ ಸಲಕ್ಕೆ ಒಪ್ಪಿಕೊಂಡಿತು.

ಪೊಲೀಸ್ ವೇಷದಲ್ಲಿ ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಎಂದು ಹೆದರಿಸುವವರ ಸುದ್ದಿ ನೀವೂ ಕೇಳಿರಬಹುದು. ಅಂಥ ಬಂಧನ ನಮ್ಮ ಕಾನೂನಿನಲ್ಲಿಯೇ ಇಲ್ಲ. ಕರೆ ಕತ್ತರಿಸಿ ಮನೆಯವರಿಗೆ ಹೇಳಿರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿರಿ, ಬ್ಯಾಂಕಿಗೂ ತಿಳಿಸಿರಿ. ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೂ ಹಣ ಕೈಯಿಂದ ಕೈಗೆ ದಾಟಿಬಿಡುತ್ತದೆ. ಮೊದಲ ಸಲ ನಾವು ಹಾಗೆಯೇ ಸುಮ್ಮನಿದ್ದೆವು.

ಕಿರ್ದಿ ಬರೆಯುವುದನ್ನು ಮಾತ್ರ ನಾವು ಬಿಟ್ಟಿಲ್ಲ. ರಾತ್ರಿ ಅಂಗಡಿ ಮುಚ್ಚುವ ಮುನ್ನ ಪುಸ್ತಕಕ್ಕೂ ಮೊಬೈಲಿಗೂ ತಾಳೆ ನೋಡುತ್ತೇವೆ. ಹೋದ ವಾರ ಹತ್ತು ರೂಪಾಯಿ ವ್ಯತ್ಯಾಸ ಬಂತು. ಮೊಬೈಲು ತಪ್ಪಿತೆಂದು ಬಹಳ ಸಂತೋಷಪಟ್ಟು ಮೂರು ಸಲ ಕೂಡಿಸಿದೆವು. ಮೊಮ್ಮಗಳು ಬಂದು, ಕೈ ಹಿಂದೆ ಕಟ್ಟಿಕೊಂಡೇ, ಏಳನೆಯ ಸಾಲಿನ ಮೇಲೆ ಕಣ್ಣು ನಿಲ್ಲಿಸಿದಳು.