ದೋಣಿ ಯಾವಾಗ ಕೂಗಬೇಕು?

ನಮ್ಮ ಗುಂಡ್ಲು ಹೊಳೆಯಲ್ಲಿ ಕಾಲು ನೆನೆಯುವಷ್ಟು ನೀರು ಬಂದರೇ ನಮಗೆ ಹಬ್ಬ, ಇನ್ನು ಬೋಟು ಎಲ್ಲಿಂದ ಬರಬೇಕು! ಆದರೆ ನಾವು ನೀರು ಕುಡಿಯುವ ಕಬಿನಿ ಹೊಳೆ 2016ರ ಕಾಯಿದೆಯ 111 ರಾಷ್ಟ್ರೀಯ ಜಲಮಾರ್ಗಗಳ ಪಟ್ಟಿಯಲ್ಲಿದೆ. ಬೋಟು ಬಸ್ಸಿನ ಹಾಗೆ ಓಡಾಡುವುದನ್ನು ನೋಡಬೇಕಾದರೆ ಮಾತ್ರ ಕೇರಳದ ಹಿನ್ನೀರಿಗೆ ಹೋಗಬೇಕು. ಅಲ್ಲಿ ಕೊಚ್ಚಿ ಕಡೆ ನಮ್ಮ ಸೋದರಮಾವ ಒಂದು ಬೋಟಿನಲ್ಲಿ ಕೆಲಸಕ್ಕಿದ್ದಾರೆ. ಬೋಟಿನ ಸೀಟಿಗೂ ನಿಯಮ ಇದೆ ಅಂತ ನನಗೆ ಹೇಳಿದ್ದು ಅವರೇ. ಮಿಕ್ಕಿದ್ದನ್ನು ನಮ್ಮ ಮೇಷ್ಟ್ರು ತಿಳಿಸಿಕೊಟ್ಟರು.

ಈ ಸೀಟಿ ಅಂದರೆ ಪಿ.ಟಿ. ಮೇಷ್ಟ್ರ ಪೀಪಿ ಅಲ್ಲ, ದಪ್ಪ ದನಿಯ ಹಾರ್ನು. ರಸ್ತೆಯಲ್ಲಿ ಹಾರ್ನ್ ಹೊಡೆದರೆ “ಪಕ್ಕಕ್ಕೆ ಹೋಗು” ಅಂತ ಅರ್ಥ. ನೀರಿನಲ್ಲಿ ಹಾಗಲ್ಲ, “ನಾನು ಹೀಗೆ ಮಾಡ್ತಾ ಇದೀನಿ” ಅಂತ ಅರ್ಥ. ಮೊದಲೇ ಯಾಕೆ ಹೇಳಬೇಕು ಅಂದರೆ, ಮಾವನ ಮಾತಲ್ಲೇ, “ನೀರ ಮ್ಯಾಲ ಬ್ರೇಕಿಲ್ಲ ಕನವ್ವ.” ಇಂಜಿನ್ ನಿಲ್ಲಿಸಿದರೂ ಬೋಟು ಜಾರಿಕೊಂಡು ಮುಂದೆ ಹೋಗುತ್ತೆ.

1972ರಲ್ಲಿ ಹಲವು ದೇಶಗಳು ಸೇರಿ ಹಡಗುಗಳ ಡಿಕ್ಕಿ ತಡೆಯಲು ನಿಯಮ ಮಾಡಿದವು. ಅವು 1977ರಿಂದ ಜಾರಿಯಲ್ಲಿವೆ. ಸಮುದ್ರದ ಹಡಗು ಬರಬಹುದಾದ ಹೊಳೆಗೂ ಹಿನ್ನೀರಿಗೂ ಅನ್ವಯಿಸುತ್ತವೆ. ಈ ಭಾಷೆಗೆ ಎರಡೇ ಅಕ್ಷರ. ಗಿಡ್ಡ ಕೂಗು ಸುಮಾರು 1 ಸೆಕೆಂಡು, ಉದ್ದ ಕೂಗು 4ರಿಂದ 6 ಸೆಕೆಂಡು.

ಎರಡು ಬೋಟುಗಳು ಒಂದಕ್ಕೊಂದು ಕಾಣುವಂತೆ ಹತ್ತಿರ ಬಂದಾಗ ಒಂದು ಗಿಡ್ಡ ಕೂಗು ಕೂಗಿದರೆ “ಬಲಕ್ಕೆ ತಿರುಗ್ತಾ ಇದೀನಿ”, ಎರಡು ಕೂಗಿದರೆ “ಎಡಕ್ಕೆ.” ಮೂರು ಕೂಗಿದರೆ “ಇಂಜಿನ್ ಹಿಂದಕ್ಕೆ ಹಾಕಿದೀನಿ.” ಆಗಲೂ ಬೋಟು ಇನ್ನೂ ಮುಂದಕ್ಕೇ ಬರ್ತಾ ಇರಬಹುದು, ಹುಷಾರು! ಬೇಗಬೇಗ ಐದು ಕೂಗಿದರೆ “ನೀನು ಏನು ಮಾಡ್ತಾ ಇದೀಯೋ ನನಗೆ ತಿಳೀತಿಲ್ಲ.” ಈ ಐದು ಕೂಗು ನಮ್ಮ ಲೆಕ್ಕದ ಪೀರಿಯಡ್ಡಿಗೂ ಇದ್ದಿದ್ದರೆ ಚೆನ್ನಾಗಿತ್ತು.

ಅಮೆರಿಕದ ಒಳನಾಡಿನ ಹೊಳೆಗಳಲ್ಲಿ ಒಂದು ಗಿಡ್ಡ ಕೂಗಿಗೆ ಅರ್ಥ ಬೇರೆ. “ನಿನ್ನನ್ನು ನನ್ನ ಎಡಕ್ಕೆ ಬಿಟ್ಟು ಹೋಗ್ತೀನಿ” ಅಂತ. ಎದುರಿನವರು ಒಪ್ಪಿದರೆ ಅವರೂ ಹಾಗೇ ಒಂದು ಕೂಗಬೇಕು. ಇದು ನನಗೆ ಹೆಚ್ಚು ಇಷ್ಟವಾಯಿತು, ಯಾಕೆಂದರೆ ಕೇಳಿಸಿತೋ ಇಲ್ಲವೋ ಅಂತ ಗೊತ್ತಾಗುತ್ತೆ.

ತಿರುವಿನಲ್ಲಿ ಆಚೆ ಕಡೆ ಕಾಣದಿದ್ದರೆ ಒಂದು ಉದ್ದ ಕೂಗು ಕೂಗಬೇಕು. ಆಚೆಯಿಂದ ಬರುವ ಬೋಟೂ ಒಂದು ಉದ್ದ ಕೂಗಿ ಉತ್ತರ ಕೊಡಬೇಕು. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವಾಗ ದಿಂಬಂ ಘಾಟಿಯ 27 ತಿರುವುಗಳಲ್ಲಿ ಲಾರಿಯವರು ಹಾರ್ನ್ ಹೊಡೆಯುವುದನ್ನು ಕೇಳಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ.

ಎಲ್ಲಕ್ಕಿಂತ ಕಷ್ಟ ಮಂಜು. ಕಣ್ಣು ಕೆಲಸಕ್ಕೆ ಬರಲ್ಲ, ಕಿವಿಯೇ ಗತಿ. ಇಂಜಿನ್ ಬೋಟು ಮುಂದೆ ಹೋಗ್ತಾ ಇದ್ದರೆ ಹೆಚ್ಚೆಂದರೆ 2 ನಿಮಿಷಕ್ಕೊಮ್ಮೆ ಒಂದು ಉದ್ದ ಕೂಗಬೇಕು. ಲಂಗರು ಹಾಕದೆ ಸುಮ್ಮನೆ ನಿಂತಿದ್ದರೆ ಎರಡು ಉದ್ದ. ಲಂಗರು ಹಾಕಿದ್ದರೆ ಪ್ರತಿ ನಿಮಿಷಕ್ಕೊಮ್ಮೆ 5 ಸೆಕೆಂಡು ಗಂಟೆ ಬಾರಿಸಬೇಕು. ಒಂದು ಬೆಳಿಗ್ಗೆ ಮಂಜಿನಲ್ಲಿ ಯಾವುದೋ ಬೋಟು ಕೂಗದೆ ಬಂದು ಮಾವನ ಬೋಟಿಗೆ ಒಂದೆರಡು ಮಾರು ದೂರದಲ್ಲಿ ಹಾದುಹೋಯಿತಂತೆ. ಇದನ್ನು ಮಾವ ಅವ್ವನಿಗೆ ಹೇಳಿಲ್ಲ, ನನಗೆ ಮಾತ್ರ ಹೇಳಿದರು. ಅವ್ವ ಗೋಡೆ ಪತ್ರಿಕೆ ಓದಲು ಬರುವುದಿಲ್ಲ, ನೀವೂ ಹೇಳಬೇಡಿ.

12 ಮೀಟರಿಗಿಂತ ಚಿಕ್ಕ ದೋಣಿಗೆ ಸೀಟಿ ಕಡ್ಡಾಯವಿಲ್ಲ. ಆದರೆ ಜೋರಾಗಿ ಸದ್ದು ಮಾಡುವ ಏನಾದರೂ ಒಂದು ಇರಲೇಬೇಕು. ನಮ್ಮ ಜಿಲ್ಲೆಯ ಗಡಿಯ ಹೊಗೇನಕಲ್ಲಿನ ಹರಿಗೋಲು ಅದಕ್ಕಿಂತ ಎಷ್ಟೋ ಚಿಕ್ಕದು. ಅಲ್ಲಿ ಅಂಬಿಗರ ಗಂಟಲೇ ಸೀಟಿ.